ಇನ್ನೂರು ಹೆಜ್ಜೆ

ಡೇರೆ ಹಾಕಲು ಬಂದವರಿಗೆ ಮೈ ತೊಳೆದುಕೊಳ್ಳುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಕೇಳಿದವರಿಗೆ ನಗು ಬರುತ್ತದೆ, ಬರಲಿ. ದೊಡ್ಡ ಓದು ಓದಿದವರು, ದೊಡ್ಡ ಹುದ್ದೆಯಲ್ಲಿರುವವರು ಹೆಗಲಿಗೆ ಟವೆಲ್ ಹಾಕಿಕೊಂಡು ನನ್ನೆದುರು ನಿಂತು ಈಗೇನು ಮಾಡಬೇಕು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ: ಹಗ್ಗ ಕಟ್ಟಿದ ಕೊಡ ಇಲ್ಲಿದೆ, ಕೈ ಅದ್ದದೆ ನೀರು ತುಂಬಿಕೊಳ್ಳಿ. ಕೆರೆಗೆ ಬೆನ್ನು ಮಾಡಿ ದಿಬ್ಬದ ಕಡೆಗೆ ಇನ್ನೂರು ಹೆಜ್ಜೆ ನಡೆಯಿರಿ. ಅಲ್ಲಿ ಒಂದು ಮೊಳ ಆಳದ ಗುಂಡಿ ತೋಡಿ, ಅದರ ಅಂಚಿಗೆ ಕೂತು ಮೈ ತೊಳೆದುಕೊಳ್ಳಿ. ಒಂದು ಕೊಡ ಸಾಕು, ತಲೆಗೂ ಹಾಕಿಕೊಳ್ಳುವುದಾದರೆ ಎರಡು. ಮೈಗೆ ಬಳಿದುಕೊಂಡ ಎಣ್ಣೆ, ಕ್ರೀಮು ಏನಿದ್ದರೂ ಮೊದಲು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ನಿಮ್ಮ ಜೊತೆಗೇ ಒಯ್ಯಿರಿ. ಕೊನೆಗೆ ತೋಡಿದ ಮಣ್ಣನ್ನೇ ಮುಚ್ಚಿ, ಮೇಲೆ ತರಗೆಲೆ ಹರಡಿ, ನಾನು ಕೊಟ್ಟ ಕಡ್ಡಿ ನೆಟ್ಟು ಬನ್ನಿ. ಕಡ್ಡಿ ಇರುವ ಕಡೆ ಆರು ತಿಂಗಳು ಇನ್ನೊಬ್ಬರು ತೋಡುವಂತಿಲ್ಲ.

ಸೋಪು ಬೇಡ ಅಂದಾಗ ಮಾತ್ರ ಎಲ್ಲರೂ ಜಗಳಕ್ಕೆ ಬರುತ್ತಾರೆ. ಇದು ಪ್ರಕೃತಿಗೆ ಒಳ್ಳೆಯದು, ಮಣ್ಣಿನಲ್ಲಿ ಕರಗುತ್ತದೆ, ಬೇಕಾದರೆ ಓದಿ ನೋಡಿ ಎಂದು ಡಬ್ಬಿಯನ್ನು ಮೂಗಿಗೆ ಹಿಡಿಯುತ್ತಾರೆ. "ಬರೆದೋರು ಈ ಕೆರೆ ನೀರು ಕುಡಿಯಾಕಿಲ್ವಲ್ಲ ಸ್ವಾಮಿ" ಎನ್ನುತ್ತೇನೆ. ಬೇಕೇ ಬೇಕು ಅಂದವರಿಗೆ ಒಂದು ಹಿಡಿ ಕಡಲೆಹಿಟ್ಟು ಕೊಡುತ್ತೇನೆ. ಅದರಲ್ಲಿ ಬೋಂಡ ಕರಿದುಕೊಂಡು ತಿಂದವರೂ ಉಂಟು.

ನಮ್ಮ ಕೆರೆಯ ಗುಣ ಹಾಗೆ. ಮೈಯಿಂದ ಏನು ಕಳಚಿದರೂ ಅದು ಇಟ್ಟುಕೊಳ್ಳುತ್ತದೆ, ಆಮೇಲೆ ನೀರು ಕುಡಿದವರಿಗೆಲ್ಲ ಹಂಚುತ್ತದೆ. ನಾನು ಬರೀ ಕೊಳೆಯ ಮಾತು ಆಡುತ್ತಿಲ್ಲ, ಕೊಳೆಯ ಜೊತೆಗೆ ಇಳಿದುಹೋಗುತ್ತದಲ್ಲ, ಅದರ ಮಾತು. ನಾನು ಚಿಕ್ಕವನಿದ್ದಾಗ ಜಮೀನು ಅಳೆಯಲು ಬಂದ ಅಧಿಕಾರಿಯೊಬ್ಬ ಹೇಳಿದ್ದು ಕೇಳದೆ ಈಜಲು ಇಳಿದ. ಅವನಿಗೆ ಎಷ್ಟೋ ತಿಂಗಳಿಂದ ನಿದ್ದೆ ಇರಲಿಲ್ಲವಂತೆ. ಅವತ್ತು ಮಧ್ಯಾಹ್ನವೇ ಅವನು ಹಲಸಿನ ಮರದ ಕೆಳಗೆ ಗೊರಕೆ ಹೊಡೆದ. ನಾವು ಹನ್ನೊಂದು ದಿನ ರೆಪ್ಪೆ ಮುಚ್ಚಲಿಲ್ಲ, ಎಮ್ಮೆಗಳೂ ಮಲಗಲಿಲ್ಲ. ಮಣ್ಣಿಗೆ ಮಾತ್ರ ಏನು ಕೊಟ್ಟರೂ ನಿಧಾನವಾಗಿ ಅರಗಿಸಿಕೊಳ್ಳುವ ತಾಳ್ಮೆ ಇದೆ. ಅದಕ್ಕೇ ಊರಿನವರು ಬಚ್ಚಲ ನೀರನ್ನು ಹಿತ್ತಲ ಬಾಳೆಬುಡಕ್ಕೆ ಬಿಡುತ್ತೇವೆ. ಸಾವಾದ ಮನೆಯ ಬಾಳೆಹಣ್ಣನ್ನು ಆ ವರ್ಷ ಯಾರೂ ತಿನ್ನುವುದಿಲ್ಲ. ಹೊರಗಿನವರು ಡೇರೆ ಹೊತ್ತುಕೊಂಡು ಇಷ್ಟು ದೂರ ಬರುವುದೂ ಇದೇ ಕಾರಣಕ್ಕೆ. ಇಲ್ಲಿ ತೊಳೆದುಕೊಂಡವರು ಹಗುರಾಗಿ ಹೋಗುತ್ತಾರೆ.

ಇನ್ನೂರು ಹೆಜ್ಜೆ ಅಂದರೆ ತೊಳೆದುಕೊಳ್ಳುವವರದೇ ಹೆಜ್ಜೆ. ಕೊಡವನ್ನು ಅವರೇ ಹೊರಬೇಕು, ಹೆಜ್ಜೆಯನ್ನು ಅವರೇ ಎಣಿಸಬೇಕು. ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತು ತಂದರೆ ಮಣ್ಣು ಒಪ್ಪುವುದಿಲ್ಲ ಎಂದು ನನ್ನಪ್ಪ ಹೇಳುತ್ತಿದ್ದ. ನನಗಿಂತ ಮುಂಚೆ ಈ ಕೆಲಸ ಮಾಡಿದವನು ಅವನು. ಮಕ್ಕಳಿಗಾದರೆ ತಾಯಿಯ ಹೆಜ್ಜೆ ಎಂದೂ ಹೇಳಿಕೊಟ್ಟಿದ್ದ. ಕಾಲು ಊನವಾದವರಿಗೆ ಏನು ಮಾಡಬೇಕೆಂದು ಅವನು ಹೇಳಲಿಲ್ಲ, ನಾನೂ ಕೇಳಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಂಥವರು ಒಬ್ಬರೂ ಬಂದಿರಲಿಲ್ಲ.

ಇಂದುಮತಿ ಬಂದದ್ದು ಮುಂಗಾರು ಇನ್ನೇನು ಹಿಡಿಯುತ್ತದೆ ಅನ್ನುವ ವಾರ. ಮೂವತ್ತೈದರ ಆಸುಪಾಸಿನ ಹೆಂಗಸು. ಎಡಗಾಲಿಗೆ ಮೊಣಕಾಲಿನಿಂದ ಕೆಳಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಊರುಗೋಲು. ಬಾಡಿಗೆ ಕಾರಿನವನು ಅವಳನ್ನೂ ಒಂದು ನೀಲಿ ಡೇರೆಯನ್ನೂ ದಡದಲ್ಲಿ ಇಳಿಸಿ, ಎರಡು ದಿನ ಬಿಟ್ಟು ಬರುತ್ತೇನೆಂದು ಹೋದ. ಡೇರೆ ನಾನೇ ಎಬ್ಬಿಸಿಕೊಟ್ಟೆ. ಅವಳು ಮಾತಾಡುವವಳಲ್ಲ. ಉಣ್ಣುವಾಗ ತಟ್ಟೆಯ ಪಕ್ಕ ಒಂದು ಬಿಸ್ಕತ್ತು ಇಟ್ಟು, ಅದನ್ನು ತಿನ್ನದೆ ಹಾಗೇ ಬಿಡುವಳು. ಇರುವೆ ಮುತ್ತಿದರೂ ತೆಗೆಯುವವಳಲ್ಲ.

ಮಾರನೆಯ ಬೆಳಿಗ್ಗೆ ಕೊಡ ಕೇಳಿದಳು.

"ಇಲ್ಲಿ ತೊಳೆದುಕೊಂಡರೆ ಮನಸ್ಸು ಹಗುರ ಆಗುತ್ತಂತೆ, ನಿಜವಾ ಅಣ್ಣ?"

"ಆಯಾಸ ಹೋಯ್ತದೆ ಕಣವ್ವ. ಮಿಕ್ಕಿದ್ದು ನಂಗೊತ್ತಿಲ್ಲ" ಅಂದೆ.

ಅರ್ಧ ಕೊಡ ತುಂಬಿಕೊಂಡು ಹೊರಟಳು. ಒಂದು ಕಂಕುಳಲ್ಲಿ ಕೊಡ, ಇನ್ನೊಂದರಲ್ಲಿ ಊರುಗೋಲು. ಅವಳ ಒಂದು ಹೆಜ್ಜೆ ಒಂದೂವರೆ ಗೇಣು ಇದ್ದರೆ ಹೆಚ್ಚು. ಬಾಯಿಬಿಟ್ಟು ಎಣಿಸುತ್ತ, ಹತ್ತಕ್ಕೊಮ್ಮೆ ನಿಂತು ಉಸಿರು ಬಿಡುತ್ತ ನಡೆದಳು. ನಾನು ಹಿಂದೆಯೇ ಗುದ್ದಲಿ ಹಿಡಿದು ಬರುತ್ತಿದ್ದೆ. ಇನ್ನೂರು ಅಂದಾಗ ಅವಳು ತಲುಪಿದ್ದು ಜೊಂಡು ಮುಗಿಯುವ ಜಾಗಕ್ಕೆ. ನನ್ನ ಕಾಲಿಗೆ ಅದು ಎಪ್ಪತ್ತು ಹೆಜ್ಜೆಯೂ ಅಲ್ಲ. ಕಾಲಿಟ್ಟರೆ ಪಚಪಚ ಅನ್ನುವ ನೆಲ. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಯಾವ ದೇವರ ಮುಂದೆಯೂ ಹೇಳಲಾರೆ.

"ಸಾಕಾ ಅಣ್ಣ, ಇನ್ನೂ ಹೋಗಬೇಕಾ?" ಅಂದಳು. ತುಟಿ ಕಚ್ಚಿಕೊಂಡಿದ್ದಳು, ಮುಖವೆಲ್ಲ ಬೆವರು.

"ಸಾಕು ಕಣವ್ವ. ಇನ್ನೂರಾಯ್ತಲ್ಲ."

ಗುಂಡಿ ನಾನೇ ತೋಡಿಕೊಟ್ಟೆ. ಅರ್ಧ ಕೊಡ ಸಾಲುವುದಿಲ್ಲ ಅಂದಾಗ ಇನ್ನೆರಡು ಕೊಡ ನಾನೇ ಹೊತ್ತು ತಂದು ಇಟ್ಟೆ. ಅಪ್ಪ ಇದ್ದಿದ್ದರೆ ಅದೇ ಗುದ್ದಲಿ ಕಾವಿನಲ್ಲಿ ಬೆನ್ನಿಗೆ ಬಾರಿಸುತ್ತಿದ್ದ. ನಾನು ದಿಬ್ಬ ಹತ್ತಿ ಆಚೆ ಮುಖ ಮಾಡಿ ಕೂತೆ. ಮೊದಲು ಅಳು ಕೇಳಿಸಿತು, ಆಮೇಲೆ ನೀರಿನ ಸದ್ದು, ಆಮೇಲೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಡೇರೆಗೆ ಬಂದಳು. ತಿನ್ನಲು ಬಿಸಿಯಾಗಿ ಏನಾದರೂ ಸಿಗುತ್ತದಾ ಎಂದು ಕೇಳಿದಳು. ಮೇಕೆಯೊಂದು ಡೇರೆಯ ಹಗ್ಗ ಅಗಿಯುವುದನ್ನು ನೋಡಿ ನಕ್ಕಳು. ಅವಳು ನಕ್ಕಿದ್ದು ಕಂಡು ನಾನು ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ.

ಅವಳು ಹೋದ ದಿನವೇ ಮಳೆ ಹಿಡಿಯಿತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ತುಂಬಿ ಒಡೆದು, ಜೊಂಡಿನ ಸಂದಿಯಿಂದ ನೀರು ತೆಳ್ಳಗೆ ಕೆರೆಗೆ ಇಳಿಯುತ್ತಿತ್ತು. ಆಗ ಮಾಡಿದ್ದನ್ನು ಈಗ ಮುಚ್ಚಿಡುವುದಿಲ್ಲ. ಅವಳ ಕಡ್ಡಿಯನ್ನು ಕಿತ್ತು ದಿಬ್ಬದ ಮೇಲೆ, ನನ್ನ ಇನ್ನೂರು ಹೆಜ್ಜೆ ಬೀಳುವ ಜಾಗದಲ್ಲಿ ನೆಟ್ಟೆ. ಹೇಡಿತನ, ಇನ್ನೇನು.

ಮೂರನೆಯ ದಿನ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಇಡೀ ಊರು ಬಾಗಿಲಿಗೆ ಬಂದು ನಿಂತಿತು. ಸ್ಕೂಲ್ ವ್ಯಾನಿನ ಸದ್ದಿಗೆ ಎಲ್ಲರೂ ಕಿವಿ ಕೊಟ್ಟಿದ್ದರು. ನಮ್ಮೂರಿಗೆ ಸ್ಕೂಲ್ ವ್ಯಾನೇ ಬರುವುದಿಲ್ಲ, ಮಕ್ಕಳು ನಡೆದೇ ಹೋಗಿ ಬರುತ್ತಾರೆ. ಟೀ ಅಂಗಡಿಯ ದ್ಯಾವಣ್ಣ ಒಂದು ಪುಟ್ಟ ಲೋಟದ ಹಾಲನ್ನು ಎತ್ತಿ ಎತ್ತಿ ಸುರಿದು ಆರಿಸಿದ. ಆಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ ಲೋಟ ಹಿಡಿದುಕೊಂಡೇ ಕಣ್ಣು ತುಂಬಿಕೊಂಡ. ಊರಿನ ಯಜಮಾನರು ಕೆಂಚೇಗೌಡರು, ಎಪ್ಪತ್ತೆರಡು ವರ್ಷದ ಮನುಷ್ಯ, ಬಳೆ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗುಲಾಬಿ ಬಣ್ಣದ ಹೇರ್ ಬ್ಯಾಂಡು ಆರಿಸುತ್ತಿದ್ದರು. ಗಾರೆ ಕೆಲಸದವನೊಬ್ಬನ ಎಡಗೈ ಮೇಲೇಳಲಿಲ್ಲ. ಯಾರೋ ಅದರ ಮೇಲೆ ತಲೆಯಿಟ್ಟು ಮಲಗಿದ್ದಾರೆ, ಎಬ್ಬಿಸಿದರೆ ಅಳುತ್ತಾರೆ ಅಂದ. ಹೆಸರು ಮೊದಲು ಬಂದದ್ದು ದ್ಯಾವಣ್ಣನ ಬಾಯಲ್ಲಿ.

"ಚುಕ್ಕಿ ಇನ್ನೂ ಬರ್ನಿಲ್ಲ" ಅಂದ.

ಯಾವ ಚುಕ್ಕಿ ಎಂದು ಯಾರೂ ಕೇಳಲಿಲ್ಲ. ಅವಳು ಬರುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಒಂದು ವಾರದಲ್ಲಿ ಊರು ಅದಕ್ಕೂ ಹೊಂದಿಕೊಂಡಿತು. ಹೊಂದಿಕೊಳ್ಳದೆ ಏನು ಮಾಡುವುದು, ನೀರು ಬಿಡಲಾಗುತ್ತದೆಯೇ? ಮೂರೂ ಮುಕ್ಕಾಲಿಗೆ ಅಂಗಡಿಗಳು ಹತ್ತು ನಿಮಿಷ ಬಾಗಿಲು ಎಳೆದವು. ಸ್ಕೂಟರುಗಳು ಗೋಣಿತಾಟು ಹೊದ್ದುಕೊಂಡು ಜಗಲಿಯ ಪಕ್ಕ ನಿಂತವು. ಅವನ್ನು ಕಂಡರೆ ಏಕೆ ಮುಖ ತಿರುಗಿಸುತ್ತೇವೆ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಮಿಕ್ಸಿಯ ಸದ್ದಿಗೆ ಚುಕ್ಕಿ ಹೆದರುತ್ತಾಳೆಂದು ಹೆಂಗಸರು ಒರಳುಕಲ್ಲು ಹುಡುಕಿ ತೆಗೆದರು. ಮಕ್ಕಳಿದ್ದವರು ಮಕ್ಕಳನ್ನು ಬಾಚಿ ತಬ್ಬಿಕೊಂಡು, ಉಸಿರುಗಟ್ಟುತ್ತದೆ ಬಿಡಮ್ಮ ಅನ್ನಿಸಿಕೊಂಡರು. ಯಜಮಾನರು ನನ್ನನ್ನು ಕರೆಸಿದರು.

"ಸಿದ್ದ, ಗುಂಡಿಗಳೆಲ್ಲ ಸರಿಯಾಗಿದ್ವೇನ್ಲಾ?"

"ಇದ್ವು ಯಜಮಾನ್ರೆ."

ಅವರು ದಿಬ್ಬದ ಮೇಲಿನ ಕಡ್ಡಿಗಳನ್ನು ನೋಡಿಕೊಂಡು ಬಂದರು, ನಂಬಿದರು. "ಹಂಗಾರೆ ಮ್ಯಾಲಿನ ಹಳ್ಳದಿಂದ ಬಂದಿರ್ಬೇಕು. ಕೋಡಿ ಬಿದ್ದು ಹೊಸ ನೀರು ಬರೋಗಂಟ ತಡ್ಕೊಬೇಕು, ಅಷ್ಟೆ" ಎಂದರು. ಕೈಯಲ್ಲಿ ಆ ಹೇರ್ ಬ್ಯಾಂಡು ಇತ್ತು.

ಈಗ ಜವರಮ್ಮನ ಮಾತು ಹೇಳಬೇಕು. ನನ್ನ ಹೆಂಡತಿ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ. ಮೊದಲ ಹತ್ತು ವರ್ಷ ಹರಕೆ, ಆಸ್ಪತ್ರೆ ಎಂದು ಓಡಾಡಿದೆವು, ಆಮೇಲೆ ಸುಮ್ಮನಾದೆವು. ಸುಮ್ಮನಾದೆವು ಎಂದು ನಾನು ಹೇಳುತ್ತೇನೆ, ಅವಳು ಸುಮ್ಮನಾಗಿದ್ದಳೋ ಇಲ್ಲವೋ ಕೇಳಿದವನಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಕರೆದರೆ ತಲೆನೋವೆಂದು ಮಲಗುವಳು. ಕೆರೆ ಮೆಟ್ಟಿಲಲ್ಲಿ ಹೆಂಗಸರು ಮಕ್ಕಳ ಸುದ್ದಿ ತೆಗೆದರೆ ಅರ್ಧ ಕೊಡಕ್ಕೇ ಎದ್ದು ಬಂದುಬಿಡುವಳು. ಬಾಯಿ ಬಹಳ ಜೋರು, ಊರಲ್ಲಿ ಅವಳಿಗೆ ಹೆದರದವರಿಲ್ಲ, ನನ್ನನ್ನೂ ಸೇರಿಸಿ.

ಆ ಮಳೆಗಾಲದಲ್ಲಿ ಅವಳ ದನಿ ಮೆತ್ತಗಾಯಿತು. ಸಂಜೆ ಹೊತ್ತು ಕೆರೆ ಮೆಟ್ಟಿಲ ಮೇಲೆ ಹೆಂಗಸರ ನಡುವೆ ಕೂರತೊಡಗಿದಳು. ಒಬ್ಬೊಬ್ಬರ ಪಾಲಿಗೆ ಒಂದೊಂದು ತುಣುಕು ಬಂದಿತ್ತು. ಒಬ್ಬಳಿಗೆ ಚುಕ್ಕಿಯ ಜಡೆ, ಇನ್ನೊಬ್ಬಳಿಗೆ ಕೆಮ್ಮು, ಮತ್ತೊಬ್ಬಳಿಗೆ ಅವಳು ಚಾಪೆಯಿಂದಾಚೆ ಕಾಲು ಚಾಚಿ ಮಲಗುವ ರೀತಿ. ಜವರಮ್ಮನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಬೇಕೆಂದೇ ಹೆಚ್ಚು ನೀರು ಕುಡಿಯುತ್ತಿದ್ದಳು ಅಂತ ನನಗೆ ತಿಳಿದದ್ದು ಆಮೇಲೆ. "ಇಲ್ಲ ಕಣ್ರೇ, ಅವಳು ಮೊಸರನ್ನಕ್ಕೆ ಉಪ್ಪು ಹಾಕ್ಕತಿರ್ನಿಲ್ಲ, ಸಕ್ಕರೆ ಹಾಕ್ಕತಿದ್ಲು" ಎಂದು ತಿದ್ದುವಳು. ಹೆಂಗಸರು ಹೌದಲ್ವೇ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳನ್ನು ತಮ್ಮ ಸಮಕ್ಕೆ ಕೂರಿಸಿಕೊಂಡದ್ದು ಅದೇ ಮೊದಲು.

ಒಂದು ದಿನ ರೊಟ್ಟಿ ತಟ್ಟುತ್ತ ಹೇಳಿದಳು. "ಒಂದು ಮಾತು ಹೇಳ್ತೀನಿ, ಬೈಬಾರ್ದು. ನಂಗೆ ಈಗ ಒಂದು ಮಗು ಐತೆ ಅನ್ನಿಸ್ತದೆ."

"ಸತ್ತೋಗಿರೋ ಮಗೀನ ಇದೆ ಅಂತೀಯಲ್ಲ ಜವರಿ. ಅದೂ ನಮ್ಮದಲ್ಲ."

"ಗೊತ್ತು ಕಣ್ರೀ, ನಂಗೇನು ಬುದ್ಧಿ ಇಲ್ವಾ? ಇಪ್ಪತ್ತೆರಡು ವರ್ಸ ಹುಟ್ದೇ ಇರೋ ಮಗೀಗೆ ಅತ್ತೆ. ಅದಕ್ಕೊಂದು ಮುಖ ಇರ್ನಿಲ್ಲ. ಇದಕ್ಕೆ ಮುಖ ಅದೆ. ಮುಂದಿನ ಹಲ್ಲು ಬಿದ್ದದೆ. ಮಗ್ಗುಲಾದ್ರೆ ಎಡಗೈ ಮ್ಯಾಲೆ ಭಾರ ಬರ್ತದೆ. ಆ ಭಾರ ಯಾರ್ದಾದ್ರೆ ನಂಗೇನು?" ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆಯೇ ಮುಂದುವರಿಸಿದಳು. "ಆ ಕಾಲು ನೋವಿನ ಹೆಂಗಸು ಜೊಂಡಿನ ಹತ್ರ ತೊಳ್ಕಂಡ್ಲು ಅನ್ನೋದೂ ಗೊತ್ತು. ನಿಮ್ಮ ಪಂಚೆ ತುಂಬ ಜೊಂಡಿನ ಕೆಸರಿತ್ತು. ಒಗೆದೋಳು ನಾನೇ ಅಲ್ವಾ? ತಪ್ಪು ನಿಮ್ದು. ಊರಿಗೆ ಅನ್ಯಾಯ ಆಯ್ತು. ನಂಗಾಗ್ಲಿಲ್ಲ, ಅದ್ಕೆ ಸುಮ್ಕಿದೀನಿ."

ರೊಟ್ಟಿ ತಿಂದು ಎದ್ದೆ.

ಕೋಡಿ ಬೀಳುವ ಹಿಂದಿನ ವಾರ ಅವಳು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತುಂಬಿಟ್ಟಳು. ಎರಡು ಹಂಡೆ, ಮೂರು ಗುಡಾಣ, ಕೊನೆಗೆ ಉಪ್ಪಿನಕಾಯಿಯ ಭರಣಿಯನ್ನೂ ಬೂದಿ ಹಾಕಿ ತಿಕ್ಕಿ ತುಂಬಿದಳು. ಆಮೇಲೆ ಕೋಡಿ ಬಿತ್ತು. ಹಳೆಯ ನೀರು ಕಾಲುವೆ ಹಿಡಿದು ಎಲ್ಲಿಗೋ ಹೋಯಿತು, ಮೇಲಿನಿಂದ ಹೊಸ ನೀರು ಬಂತು. ಇಪ್ಪತ್ತು ದಿನದೊಳಗೆ ಜನ ಬಾಗಿಲಿಗೆ ಬರುವುದು ನಿಂತಿತು. ಸ್ಕೂಟರುಗಳ ಗೋಣಿತಾಟು ತೆಗೆದರು. ದ್ಯಾವಣ್ಣ ಹಾಲು ಆರಿಸುವುದು ಬಿಟ್ಟ. ಯಜಮಾನರು ಹೇರ್ ಬ್ಯಾಂಡನ್ನು ಮೊಮ್ಮಗಳಿಗೆ ಕೊಟ್ಟರು. ಹೋದ ವರ್ಷ ಬಂದ ಜ್ವರದ ಬಗ್ಗೆ ಮಾತಾಡುವ ಹಾಗೆ ಜನ ಅದರ ಬಗ್ಗೆ ಮಾತಾಡಿದರು, ಆಮೇಲೆ ಅದನ್ನೂ ಬಿಟ್ಟರು. ನನ್ನಲ್ಲೂ ಆರಿಹೋಯಿತು. ಉಳಿದವಳು ಜವರಮ್ಮ ಒಬ್ಬಳೇ.

ದಿನಕ್ಕೊಂದು ಚೊಂಬು ಕುಡಿಯುತ್ತಿದ್ದವಳು ಲೋಟಕ್ಕೆ ಇಳಿದಳು, ಆಮೇಲೆ ಅರ್ಧ ಲೋಟಕ್ಕೆ. ಹಂಡೆಗಳು ಮುಗಿದವು, ಗುಡಾಣಗಳು ಮುಗಿದವು. ಅವರೆಕಾಯಿಯ ಕಾಲ ಬರುವ ಹೊತ್ತಿಗೆ ಭರಣಿಯೊಂದು ಉಳಿದಿತ್ತು. ಅದರಿಂದ ದಿನಕ್ಕೆ ಒಂದೇ ಒಂದು ಒಳಲೆ, ಎಳೆಮಕ್ಕಳಿಗೆ ಹಾಲು ಹುಯ್ಯುತ್ತಾರಲ್ಲ, ಆ ಒಳಲೆ. ಎಲ್ಲಿಂದ ತಂದಿದ್ದಳೋ. ನನಗೂ ಒಂದು ಗುಟುಕು ಕೊಡು ಎಂದು ಒಮ್ಮೆ ಕೇಳಿದೆ. ಸೋಜಿಗ ಪಟ್ಟವಳಂತೆ ನೋಡಿ, ಭರಣಿಯ ಬಾಯಿಗೆ ಬಟ್ಟೆ ಬಿಗಿದಳು.

ಇಂದುಮತಿ ಮತ್ತೆ ಬಂದದ್ದು ಆಗ. ನಾನು, ಯಜಮಾನರು ದ್ಯಾವಣ್ಣನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಕಾರು ನಿಂತಿತು. ಈ ಸಲ ಅವಳ ಗಂಡ ಓಡಿಸಿಕೊಂಡು ಬಂದಿದ್ದ; ಅವನು ಕೆಳಗಿಳಿಯಲಿಲ್ಲ, ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ಅವಳ ಮುಖ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಕಾಲಿಗೆ ಪಟ್ಟಿ ಹಾಗೇ ಇತ್ತು.

"ನೆನಪಿದೆಯಾ ಅಣ್ಣ? ಅಲ್ಲಿ ಜೊಂಡಿನ ಹತ್ತಿರ ತೊಳೆದುಕೊಂಡಿದ್ದೆನಲ್ಲ. ಸಾಕು ಅಂತ ಹೇಳಿ ನೀವೇ ಗುಂಡಿ ತೋಡಿಕೊಟ್ಟಿರಿ, ನೀವೇ ನೀರು ತಂದುಕೊಟ್ಟಿರಿ."

ದ್ಯಾವಣ್ಣನ ಕೈ ಟೀ ಸೋಸುತ್ತಿದ್ದಲ್ಲೇ ನಿಂತಿತು. ಯಜಮಾನರು ನನ್ನ ಮುಖ ನೋಡಿದರು. "ಜೊಂಡಿನ ಹತ್ರ" ಎಂದಷ್ಟೇ ಹೇಳಿ ಆಚೆ ತಿರುಗಿದರು. ಉಗಿದಿದ್ದರೆ ಚೆನ್ನಾಗಿತ್ತು.

ಇಂದುಮತಿಗೆ ಅದೇನೂ ತಿಳಿಯಲಿಲ್ಲ. ಬೆಂಚಿನ ತುದಿಗೆ ಕೂತು ಹೇಳಿದಳು. "ನನಗೆ ಒಬ್ಬಳು ಮಗಳಿದ್ದಳು. ಆರು ವರ್ಷ. ಅವತ್ತು ಸ್ಕೂಲ್ ವ್ಯಾನು ಬರಲಿಲ್ಲ, ನಾನೇ ಸ್ಕೂಟರಿನಲ್ಲಿ ಕರೆತರುತ್ತಿದ್ದೆ. ಲಾರಿಯವನು ತಾಗಿಸಿದ. ನನ್ನ ಕಾಲು ಹೋಯಿತು, ಅವಳೇ ಹೋದಳು. ನೋಡಿ, ಇದನ್ನು ಹೇಗೆ ಹೇಳುತ್ತಿದ್ದೀನಿ ನೋಡಿ. ಬಸ್ಸು ತಪ್ಪಿಹೋಯಿತು ಅನ್ನೋ ಹಾಗೆ. ಮನೆಯಲ್ಲಿ ಫೋಟೋ ಇದೆ. ನೋಡಿದರೆ ಬೀದಿಯಲ್ಲಿ ಆಡೋ ಯಾವುದೋ ಮಗುವಿನ ಥರ ಕಾಣುತ್ತೆ. ಇವರು ಅದರ ಮುಂದೆ ಕೂತು ಅಳುತ್ತಾರೆ, ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತೀನಿ. ಸಹಿಸಿಕೊಳ್ಳೋಕೆ ಆಗದೆ ಇಲ್ಲಿಗೆ ಬಂದಿದ್ದೆ. ಸ್ವಲ್ಪ ಕಮ್ಮಿ ಆಗಲಿ ಅಂತ ಬಂದಿದ್ದೆ, ಎಲ್ಲ ಹೋಗುತ್ತೆ ಅಂತ ಗೊತ್ತಿರಲಿಲ್ಲ. ನನಗೆ ಅದು ವಾಪಸ್ ಬೇಕು. ಎಷ್ಟಾದರೂ ನೋಯಲಿ. ಅವಳದು ಅಂತ ನನ್ನ ಹತ್ತಿರ ಅದೊಂದೇ ಇದ್ದದ್ದು."

"ಅದು ಹೋಯ್ತವ್ವ" ಎಂದರು ಯಜಮಾನರು. "ಕೋಡಿ ಬಿದ್ದು ತಿಂಗಳುಗಟ್ಲೆ ಆಯ್ತು. ನಮ್ಮತ್ರ ಏನೂ ಉಳಿದಿಲ್ಲ ಕಣವ್ವ."

ಭರಣಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಹೆಂಡತಿಯ ಮಗು ಹೋಗುತ್ತಿತ್ತು, ಬಿಡದಿದ್ದರೆ ಇವಳದು. ಮೊದಲು ಅಯ್ಯೋ ಪಾಪ ಅಂದುಕೊಂಡು ತಪ್ಪು ಮಾಡಿದ್ದೆ, ಈಗ ಸುಮ್ಮನೆ ಕೂತು ಮಾಡಿದೆ. ಅವಳು ಊರುಗೋಲು ಊರಿ ಎದ್ದಳು.

ಕಾರಿನ ಮುಂದೆ ಜವರಮ್ಮ ನಿಂತಿದ್ದಳು. ಕಂಕುಳಲ್ಲಿ ಸೊಪ್ಪಿನ ಕಟ್ಟು. ಎಷ್ಟು ಹೊತ್ತಿನಿಂದ ನಿಂತು ಕೇಳಿಸಿಕೊಂಡಿದ್ದಳೋ.

"ನೀನೇ ಏನವ್ವ ಚುಕ್ಕಿ ತಾಯಿ?"

ಆ ಹೆಸರು ಕೇಳಿ ಇಂದುಮತಿಗೆ ಆಶ್ಚರ್ಯವಾಯಿತು, ಅಷ್ಟೇ. ಹೌದು ಅಂದಳು. "ಮನೆಗೆ ಬಾ. ಅವಳ ಮಾತು ಒಂದೆರಡು ಹೇಳ್ತೀನಿ" ಎಂದು ಜವರಮ್ಮ ಅವಳ ತೋಳು ಹಿಡಿದು ಕರೆತಂದಳು. ನಾನು ಹಿಂದೆಯೇ ಬಂದೆ.

ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿ ಜವರಮ್ಮ ಹೇಳತೊಡಗಿದಳು. ಚುಕ್ಕಿ ಮೊಸರನ್ನಕ್ಕೆ ಸಕ್ಕರೆ ಹಾಕಿಕೊಳ್ಳುವುದು, ಬಿದ್ದ ಹಲ್ಲನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ಮೂರು ದಿನ ಯಾರಿಗೂ ತೋರಿಸದೆ ಇದ್ದದ್ದು, ಸ್ನಾನ ಮಾಡಿಸುವಾಗ ಕಣ್ಣಿಗೆ ನೀರು ಬಿದ್ದರೆ ಅಮ್ಮನಿಗೇ ಹೊಡೆಯುವುದು, ಹೊಡೆದು ಅವಳೇ ಅಳುವುದು. ಹೇಳುತ್ತ ಹೇಳುತ್ತ ಜವರಮ್ಮ ಎಡಗೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಇಂದುಮತಿ ಬಹಳ ಶ್ರದ್ಧೆಯಿಂದ ಕೇಳಿದಳು. "ಹೌದು, ಹಾಗೇ ಮಾಡ್ತಿದ್ದಳು" ಅಂದಳು. ಇನ್ನೊಂದಕ್ಕೆ ತಲೆಯಾಡಿಸಿದಳು. ಕೊನೆಗೆ ಕಂಪಾಸ್ ಬಾಕ್ಸಿನ ಹಲ್ಲು ಈಗಲೂ ಅದರಲ್ಲೇ ಇರಬೇಕಲ್ಲವಾ ಎಂದು ಜವರಮ್ಮ ಕೇಳಿದಾಗ, ಯೋಚಿಸಿ, ಮೆಲ್ಲಗೆ "ಪಾಪ" ಅಂದಳು.

ಹೆತ್ತವಳ ಬಾಯಿಂದ ಬಂದ ಆ ಪಾಪ ಅನ್ನುವ ಮಾತು ಜವರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಎದೆಗವಚಿಕೊಂಡು ಭರಣಿ ಹಿಡಿದಿದ್ದಳು. ನಾನು ಹೊಸಿಲಿಗೆ ಅಡ್ಡ ನಿಂತೆ.

"ಅರ್ಧ ಕೊಡು ಜವರಿ. ಅರ್ಧ ಇಟ್ಕೋ."

"ಮಗೀನ ಅರ್ಧ ಮಾಡಕ್ಕಾಯ್ತದಾ? ದಾರಿ ಬುಡಿ" ಅಂದಳು.

ಇಂದುಮತಿ ಭರಣಿ ಎತ್ತಿ ಕುಡಿದಳು. ಮೊದಲ ಗುಟುಕಿಗೆ ಏನೂ ಆಗಲಿಲ್ಲ. ಉಪ್ಪಿನಕಾಯಿ ವಾಸನೆ ಬರುತ್ತಿದೆ ಎಂದು ನಾಚಿಕೊಂಡು ನಕ್ಕಳು ಕೂಡ. ಪೂರ್ತಿ ಮುಗಿಸಿ ಭರಣಿ ಕೆಳಗಿಟ್ಟಳು, ಬಾಯಿ ಒರೆಸಿಕೊಂಡಳು. ಆಮೇಲೆ ಅವಳ ಎಡಗೈ ತಾನಾಗಿ ಮಡಚಿಕೊಂಡಿತು. ಆಮೇಲೆ ಬಂದ ಕೂಗು ನಾನು ಕೇಳಿದ ಯಾವ ಕೂಗಿನ ಹಾಗೂ ಇರಲಿಲ್ಲ. ಹಟ್ಟಿಯಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು. ಕಾರಿನಲ್ಲಿದ್ದ ಗಂಡ ಓಡಿಬಂದ. ಹೆಂಡತಿಯ ಮುಖ ಕಂಡದ್ದೇ ಅವನು ಅಲ್ಲೇ ಜಗಲಿಯ ಮೇಲೆ ಕುಸಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮಗಳ ಹೆಸರು ಕೂಗಿ ಕೂಗಿ ಅತ್ತರು. ನಮ್ಮ ಜಗಲಿಯ ಮೇಲೆ ನಾವೇ ಹೊರಗಿನವರಂತೆ ಗೋಡೆಗೆ ಒತ್ತಿ ನಿಂತಿದ್ದೆವು.

ಹೊರಡುವಾಗ ಇಂದುಮತಿ ಜವರಮ್ಮನ ಕಾಲು ಹಿಡಿಯಲು ಬಾಗಿದಳು, ಪಟ್ಟಿ ಕಟ್ಟಿದ ಕಾಲು ಬಾಗಲಿಲ್ಲ. ಜವರಮ್ಮ ಅವಳ ತಲೆ ಸವರಿ, "ಇನ್ನು ಎಲ್ಲೂ ತೊಳ್ಕಬ್ಯಾಡ ಕಣವ್ವ" ಅಂದಳು. ಕಾರು ಹೋದ ಮೇಲೆ ಭರಣಿಯನ್ನು ಬಗ್ಗಿಸಿ ನೋಡಿದಳು. ತಳದ ಪಸೆಯನ್ನು ಬೆರಳಿನಲ್ಲಿ ಬಳಿದು ನಾಲಗೆಗೆ ಹಚ್ಚಿಕೊಂಡಳು.

ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ ಅನ್ನುವುದೂ ನಿಜ. ಇನ್ನು ಮೇಲೆ ಯಾರೇ ಬರಲಿ, ಇನ್ನೂರು ಹೆಜ್ಜೆ ಸಿದ್ದನ ಕಾಲಿನದು, ನಡೆಯಲಾರದವರ ಕೊಡ ಸಿದ್ದನೇ ಹೊರತಕ್ಕದ್ದು ಎಂದು ಕಟ್ಟು ಮಾಡಿದರು. ಬೇರೆಯವರ ಭಾರವನ್ನು ಮಣ್ಣು ಒಪ್ಪುವುದಿಲ್ಲ ಅಂತ ಅಪ್ಪ ಹೇಳಿದ್ದು ಸುಳ್ಳಾಯಿತು, ಒಪ್ಪಿತು. ಅಷ್ಟು ಸುಲಭದ ವಿಷಯ ನನಗೆ ಮೊದಲೇ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯುತ್ತದೆ. ದ್ಯಾವಣ್ಣ ಈಗಲೂ ಟೀ ಕೊಡುತ್ತಾನೆ, ಮುಖ ನೋಡುವುದಿಲ್ಲ.

ಜವರಮ್ಮನಲ್ಲಿ ಅದು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಕೈ ಮೇಲಿನ ಭಾರ ಹೋಯಿತು. ಆಮೇಲೆ ಮಗುವಿನ ದನಿ. "ಹಲ್ಲು ಬಿದ್ದಿದ್ದು ಮ್ಯಾಲಿಂದಾ, ಕೆಳಗಿಂದಾ?" ಎಂದು ನನ್ನನ್ನು ಕೇಳಿದಳು. ಮೇಲಿನದು ಅಂದೆ. ಅವಳು ಹೇಳಿದ್ದನ್ನೆಲ್ಲ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ದಿನಾ ಸಂಜೆ ಒಲೆಯ ಮುಂದೆ ಕೂತು, ಮಗ್ಗಿ ಹೇಳಿಕೊಡುವ ಹಾಗೆ, ಮೊಸರನ್ನ, ಸಕ್ಕರೆ, ಕಂಪಾಸ್ ಬಾಕ್ಸು ಎಂದು ಹೇಳಿಕೊಟ್ಟೆ. ಅವಳು ಮೊದಮೊದಲು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಮೇಲೆ ಸೊಪ್ಪು ಬಿಡಿಸುತ್ತ ಕೇಳಿದಳು. ಆಮೇಲೆ ನಡುವೆಯೇ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಮೊನ್ನೆ ಎದುರು ಮನೆಯವರು ತೊಟ್ಟಿಲ ಶಾಸ್ತ್ರಕ್ಕೆ ಕರೆದಿದ್ದರು. ತಲೆನೋವು ಅಂದು ಹೋಗಲಿಲ್ಲ. ಮೊರ ಹಿಡಿದು ಅಕ್ಕಿ ಕೇರುತ್ತ ಕೂತಿದ್ದಳು, ಎದುರು ಮನೆಯಿಂದ ಸೋಬಾನೆ ಕೇಳಿಸುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಚುಕ್ಕಿ ಇದ್ದಿದ್ರೆ ಈಗ ಏಳು ತುಂಬ್ತಿತ್ತು, ಅಲ್ವಾ ಜವರಿ?" ಅಂದೆ.

"ಯಾರು?" ಅಂದಳು. ಒಂದು ಕಲ್ಲು ಆರಿಸಿ ಎಸೆದಳು. "ಓ, ಆ ಕಾಲು ನೋವಿನಮ್ಮನ ಮಗೀನಾ? ಪಾಪ."

"ನಮ್ಮ ಚುಕ್ಕಿ ಕಣೇ."

ಅವಳು ನನ್ನನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರಿದ್ದದ್ದು ಅವಳಿಗೆ ಕಂಡಿರಬೇಕು, ಯಾಕೆ ಎಂದು ತಿಳಿಯಲಿಲ್ಲ.

"ನಮಗೆಲ್ಲಿದ್ವು ಮಕ್ಕಳು, ಸುಮ್ಕಿರಿ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.